ಜಸಿಂತಾ ಜೆರಾಕ್ಸ್, ವಿರಾಜಪೇಟೆ

ನಿಲ್ಲು, ಮಷೀನು ಬಿಸಿಯಾಗಲಿ.
ಕರೆಂಟು ಈಗಷ್ಟೇ ಬಂತು.
ಅಮೆರಿಕ ನಾನು ನೋಡಿಲ್ಲ,
ಮಾಕುಟ್ಟ ಇಳಿದು ಕಣ್ಣೂರಿನ ಸಮುದ್ರ ಎರಡು ಸಲ, ಅಷ್ಟೇ.
ಆದರೆ ಇಪ್ಪತ್ತಾರು ವರ್ಷದಿಂದ
ಹೋಗುವವರ ಕಾಗದವೆಲ್ಲ
ಈ ಗಾಜಿನ ಮೇಲೆ ಮಕಾಡೆ ಮಲಗಿ ಎದ್ದು ಹೋಗಿದೆ.
ಹೋದವರು ನಡುರಾತ್ರಿ ಮೆಸೇಜು ಹಾಕುತ್ತಾರೆ:
‘ಆಂಟಿ, ಆ ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್ ಇದೆಯಾ?’
ಯಾರು ಏನು ಮರೆತರು ಅನ್ನುವುದು
ನನಗೆ ಗೊತ್ತಿರುವಷ್ಟು ಅವರ ಯೂನಿವರ್ಸಿಟಿಗೂ ಗೊತ್ತಿಲ್ಲ.

ಆ ಬ್ಯಾಗು ಮಾವ ಕೊಟ್ಟದ್ದಾ?
ಒಳಜೇಬು ತಿರುವಿ ಹಾಕಿ ನೋಡು.
ಅಮ್ಮತ್ತಿಯ ಹುಡುಗನೊಬ್ಬ ಹಾಗೇ ಹೋದ,
ಏರ್‌ಪೋರ್ಟಿನ ಪರದೆಯ ಮೇಲೆ ತೋಟಾ ಕಂಡಿತು.
ಯಾವ ವರ್ಷದ ಕೈಲ್‌ಪೊಳ್ದಿನದೋ,
ತೆಂಗಿನಕಾಯಿಗೆ ಹೊಡೆಯದೆ ಉಳಿದದ್ದು.
ನಮಗೆ ಹಬ್ಬ, ಅವರಿಗೆ ಕೇಸು.

ಕಾಚಂಪುಳಿ ಒಂದೇ ಬಾಟಲಿ, ಸುತ್ತಿ, ದೊಡ್ಡ ಪೆಟ್ಟಿಗೆಯಲ್ಲಿ.
ಪಂದಿಯ ಮಸಾಲೆ ಇರಲಿ, ಪಂದಿ ಬೇಡ.
ಕಾಗದ ಮಾತ್ರ ಕೈಯಲ್ಲಿ.
ಪೆಟ್ಟಿಗೆಯ ಜೊತೆ ಐ-ಟ್ವೆಂಟಿಯೂ
ದೋಹಾದಲ್ಲೇ ಉಳಿದದ್ದುಂಟು.
ಹಲ್ಲು ನೋವಿದ್ದರೆ ಈ ವಾರವೇ ಕೀಳಿಸು,
ಅಲ್ಲಿ ಒಂದು ಹಲ್ಲಿನ ಬೆಲೆಗೆ ಇಲ್ಲಿ ಸ್ಕೂಟರು ಬರುತ್ತದಂತೆ.

ಇಲ್ಲಿ ನೋಡು, ಹೆಸರು:
ಮೂಡೆಯಂಡ ತನಿಶಾ ಚೋಂದಮ್ಮ.
ಅಲ್ಲಿಯ ಫಾರಮಿನಲ್ಲಿ ಎರಡೇ ಕೋಣೆ.
ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ತುಂಬು,
ಬ್ಯಾಂಕಿನಲ್ಲೂ, ಬಾಡಿಗೆ ಕರಾರಿನಲ್ಲೂ.
ಕರಾರು ಪೂರ್ತಿ ಓದು, ಆಮೇಲೆ ಸಹಿ.
ಮೊದಲ ದಿನ ಕ್ಲಾಸಿನಲ್ಲಿ ‘ಮೂಡೆಯಂಡ’ ಅಂತ ಕೂಗಿದರೆ
ತಿರುಗಿ ಅಜ್ಜನನ್ನು ಹುಡುಕಬೇಡ.
ನೀನೇ ಅದು. ಕೈ ಎತ್ತು.
ಇಡೀ ಒಕ್ಕವೇ ಹಾಜರಿ ಹಾಕಿದ ಹಾಗಾಗುತ್ತದೆ,
ಪರವಾಗಿಲ್ಲ.

ಮೇಷ್ಟರನ್ನೂ ಹೆಸರು ಹಿಡಿದೇ ಕರೆಯಬೇಕಂತೆ.
ನಾಲಿಗೆ ಏಳದೆ ಒಂದು ತಿಂಗಳು
ಬರೀ ಕೆಮ್ಮಿ ಕರೆದವರಿದ್ದಾರೆ.
ಅವರು ಸಿಗುವ ಹೊತ್ತು ಬಾಗಿಲ ಮೇಲೆ ಬರೆದಿರುತ್ತದೆ.
ಅದು ತಪ್ಪು ಮಾಡಿದವರು ಹೋಗುವ ಹೆಡ್‌ಮಾಸ್ಟರ ಕೋಣೆಯಲ್ಲ,
ಅರ್ಥವಾಗದ್ದನ್ನು ಹಿಡಿದುಕೊಂಡು ಹೋಗಿ ಕೂರು.
ತಿತಿಮತಿಯ ಫಸೀಲಾ ಹೋಗಲೇ ಇಲ್ಲ,
ಪರೀಕ್ಷೆ ಮುಗಿದ ಮೇಲೆ ನನಗೆ ಬರೆದಳು.
ನಾನೇನು ಮಾಡಲಿ, ಹತ್ತನೇ ಕ್ಲಾಸು ಓದಿದವಳು.

‘ಹೌ ಆರ್ ಯೂ’ ಅಂದು
ಉತ್ತರಕ್ಕೆ ನಿಲ್ಲದೆ ಹೋಗುತ್ತಾರೆ. ಬೇಸರ ಬೇಡ.
ನಮ್ಮಲ್ಲಿ ‘ಊಟ ಆಯ್ತಾ’ ಅಂದವರೆಲ್ಲ ಬಡಿಸುತ್ತಾರೆಯೆ?

ಮಡಿಕೇರಿಯ ಮಂಜು ಕಂಡವಳೆಂಬ ಜಂಬ ಬೇಡ,
ಇಲ್ಲಿಂದ ಸ್ವೆಟರು ಹೊರುವುದೂ ಬೇಡ.
ಅಲ್ಲೇ ಹಳೇ ಬಟ್ಟೆಯ ಅಂಗಡಿಯಲ್ಲಿ ಕೋಟು ಸಿಗುತ್ತದೆ,
ಯಾರದೋ ಬೆನ್ನಿಗೆ ಒಗ್ಗಿದ್ದು, ಬೆಚ್ಚಗಿರುತ್ತದೆ.
‘ಪೊಲೀಸು, ವೀಸಾ ರದ್ದು, ದುಡ್ಡು ಹಾಕು’ ಅಂತ ಫೋನು ಬಂದರೆ
ಇಟ್ಟುಬಿಡು.
ಕ್ಯಾಂಪಸ್ಸಿನ ಹೊರಗೆ ಕೈಗೆ ಕಾಸು ಕೊಡುತ್ತೇನೆ ಅನ್ನುವವನ ಕೆಲಸಕ್ಕೆ
ಹೋಗಬೇಡ.
ಸಂಶಯ ಬಂದರೆ ಪರದೇಶದ ಮಕ್ಕಳಿಗೆಂದೇ ಒಂದು ಆಫೀಸು ಇರುತ್ತದೆ,
ಅಲ್ಲಿ ಕೇಳು. ನನ್ನನ್ನಲ್ಲ.

ಸರಿ, ಹಸಿರು ದೀಪ ಬಂತು. ಕೊಡು.

ಹನ್ನೆರಡು ಹಾಳೆ, ಇಪ್ಪತ್ತನಾಲ್ಕು ರೂಪಾಯಿ.
ಎಣಿಸಿದಳು, ಕೊಟ್ಟಳು, ಓಡಿದಳು.
ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಮಕಾಡೆ ಮಲಗಿದೆ ಲಸಿಕೆ ಚೀಟಿ,
ಮೂಲಪ್ರತಿ, ಹಳದಿ, ತುದಿ ಹರಿದದ್ದು,
ಆಸ್ಪತ್ರೆಯ ಮೊಹರಿನ ಕೆಳಗೆ
‘ಮಗು: ಹೆಣ್ಣು’ ಅಂತ ಮಾತ್ರ.
ಆಗಿನ್ನೂ ಹೆಸರಿಟ್ಟಿರಲಿಲ್ಲ.

ಶಟರು ಅರ್ಧ ಎಳೆದು
ಗಡಿಯಾರ ಕಂಬದವರೆಗೆ ಓಡಿದೆ.
ಅವಳಾಗಲೇ ಬಸ್ಸಿನ ಮೆಟ್ಟಿಲ ಮೇಲೆ.
ಮೂರು ಹೆಸರಿನಲ್ಲಿ ಯಾವುದನ್ನು ಕೂಗಲಿ?
‘ಏ ಮೂಡೆಯಂಡ!’ ಅಂದೆ.

ಕೈ ಎತ್ತಿದಳು.
ನೆರಳಲ್ಲಿ ಕೂತಿದ್ದ ಇಬ್ಬರು ಮುದುಕರೂ
ತಿರುಗಿ ನೋಡಿದರು.