ಕಳಾವರ್ ಏಳು

ಲಡ್ಲೋ ಊರಿನ ಶನಿವಾರದ ಹರಾಜಿನಲ್ಲಿ
ಮೂರು ಅಂಗುಸ್ತಾನ, ಮುಳ್ಳಿಲ್ಲದ ಒಂದು ಗಡಿಯಾರ,
ಅವುಗಳ ಜೊತೆ ಬಿದ್ದಿದ್ದಳು ಇವಳು.
ಎಲ್ಲ ಸೇರಿ ನಲವತ್ತು ಪೌಂಡು.
ಚೀಟಿಯಲ್ಲಿ ಇಷ್ಟೇ: ಹೆಂಗಸು. ನೀಲಿ ಪಟ್ಟಿ. ಯಾರೋ ಬರೆದದ್ದು.

ಹೆಬ್ಬೆರಳ ಉಗುರಿನಷ್ಟು ಮುಖ.
ನಲವತ್ತು ವರ್ಷ ಜನರ ಬಾಯೊಳಗೆ ಇಣುಕಿದವನು ನಾನು,
ದಂತವೆಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ.
ಆನೆಯ ಬಾಯಿಂದ ಬಂದ ತೆಳ್ಳನೆ ಹಾಳೆ,
ಬೆಳಕಿಗೆ ಹಿಡಿದರೆ ನರದಂಥ ಗೆರೆ.
ಸತ್ತರೂ ಸಾವಿರ ಹೊನ್ನಂತೆ.
ಹೊನ್ನು ಆನೆಗೇನೂ ಸಿಕ್ಕಿದ್ದಲ್ಲ.

ಕುರ್ಚಿ ಮಾರಿದೆ, ಅದರ ದೀಪ ಉಳಿಸಿಕೊಂಡಿದ್ದೆ.
ಅದರಡಿ ಮಸೂರ ಕಣ್ಣಿಗೆ ಸಿಕ್ಕಿಸಿ ಕೂತೆ, ಮೂರು ರಾತ್ರಿ.
ಕೆನ್ನೆಯ ಕೆಂಪನ್ನು ಯಾರದೋ ಕಿಟಕಿಯ ಬಿಸಿಲು ಕುಡಿದಿದೆ,
ರೆಪ್ಪೆಯಂಚಿನಲ್ಲಿ ಮಾತ್ರ ಇಂಗಳೀಕ, ಇನ್ನೂ ಹಸಿ ಎನ್ನುವ ಹಾಗೆ.
ಗಲ್ಲದ ಕೆಳಗೆ ಚುಕ್ಕೆ, ಚುಕ್ಕೆ, ಚುಕ್ಕೆ.
ಕಣ್ಣಿನ ಸುತ್ತ ಎಡಕ್ಕೆ ವಾಲಿದ ಸಣ್ಣ ಗೀರು.
ಎಡಗೈಯವನು! ಕ್ರಿಚ್‌ಲೋ! ಎಂದು ಕೂಗಿಬಿಟ್ಟೆ.
ಅಡುಗೆಮನೆಯಿಂದ ಡಿಲಿಸ್:
'ಕಳೆದ ಸಲದ್ದೂ ಕ್ರಿಚ್‌ಲೋನೇ ಆಗಿತ್ತಲ್ಲವೆ?'

ಆಗಿತ್ತು. ಅದರ ಹಿಂದಿನದೂ.
ಆಸೆಯಿದ್ದವನ ಕಣ್ಣಿಗೆ ಎಲ್ಲ ಗೀರೂ ಎಡಕ್ಕೇ ವಾಲುತ್ತದೆ.
ಲಂಡನ್ನಿನ ತಜ್ಞ ಬರೆದ: 'ಕ್ರಿಚ್‌ಲೋ ಕಡೆಯವರು ಇರಬಹುದು'
ಮದುವೆಮನೆಯ ಬಾಗಿಲಲ್ಲಿ ನಿಂತವನ
ಗುರುತು ಹೇಳಿದ ಹಾಗೆ.

ಕೊನೆಗೆ ಚೌಕಟ್ಟು ಬಿಚ್ಚಿದೆ.
ಹಿಂಬದಿಯ ಗಾಜಿನಡಿ ಹೆಣೆದ ಕೂದಲು, ಜೇನುಬಣ್ಣದ್ದು.
ಎಷ್ಟು ಬೇರು ಕಿತ್ತ ಕೈ ಇದು,
ಒಮ್ಮೆಯೂ ಹೀಗೆ ನಡುಗಿರಲಿಲ್ಲ.
ಒಳಗೆ ದಂತದ ಬೆನ್ನಿಗೆ ಒತ್ತಾಗಿ ಕೊಟ್ಟ
ಇಸ್ಪೀಟಿನ ಎಲೆ, ಕಳಾವರ್ ಏಳು,
ಅದರ ಮೇಲೆ ಕಂದಿದ ಮಸಿ.
ಹೆಸರು ಹುಡುಕಿದೆ. ಹೆಸರಿಲ್ಲ.

'ಎರಡನೇ ಸಲ ಕೂರುವ ಮೊದಲೇ ತೀರಿಕೊಂಡಳು.
ಕಣ್ಣಿಗೆ ತಂಗಿ ಕೂತಳು.
ಅಳುತ್ತಿದ್ದರಿಂದ ನಿಧಾನವಾಯಿತು.
ಬಾಕಿ ಹತ್ತು ಶಿಲಿಂಗ್.'

ಮಸೂರ ಮತ್ತೆ ಎತ್ತಲಿಲ್ಲ.
ಕಾರ್ಡು ತೆಗೆದೆ. 'ಬರೆದವರು' ಎಂಬಲ್ಲಿ
ಪೆನ್ಸಿಲಿನಲ್ಲಿ ಕ್ರಿಚ್‌ಲೋ ಕೂತಿದ್ದ, ರಬ್ಬರಿನಿಂದ ಉಜ್ಜಿದೆ.
'ಯಾರ ಚಿತ್ರ' ಎಂಬುದಕ್ಕೆ ಇರುವುದು ಒಂದೇ ಗೆರೆ,
ಹೆಂಗಸರು ಇಬ್ಬರು.
ಬರೆದೆ, ಒತ್ತಿ ಒತ್ತಿ: ಅಕ್ಕ. ಕಣ್ಣು ಮಾತ್ರ ತಂಗಿಯದು.

ಡಿಲಿಸ್ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿದಳು.
ಕನ್ನಡಕ ಏರಿಸಿ, ಇಳಿಸಿ,
ಬಹಳ ಹೊತ್ತು ನೋಡಿದಳು.
'ಕೂದಲು ಯಾರದು?' ಅಂದಳು.