ಎರಡು ಗಾಜು, ಒಂದು ಸೀಟು

ಬಾಡಿಗೆ ಲೆನ್ಸು. ದಿನಕ್ಕೆ ಎಂಟುನೂರು.
ವಿಜಯಪುರದ ಅಂಗಡಿಯಲ್ಲಿ ಚನಮಲ್ಲಪ್ಪ
ಟಾರ್ಚು ಬಿಟ್ಟು ತೋರಿಸಿದ್ದ:
"ನೋಡಕೋ ತಂಗಿ, ಒಂದು ಗೀರಿಲ್ಲ.
ಹಿಂಗ ಹೋಗಿ ಹಿಂಗ ಬರಬೇಕು."
ನನ್ನ ಆಧಾರ್ ಕಾರ್ಡು ಅವನ ಡ್ರಾವರಿಗೆ ಇಳಿಯಿತು,
ಪಾಸ್‌ಬುಕ್ಕಿನ ಝೆರಾಕ್ಸು ಅದರ ಮೇಲೆ.

ಚೀಲವೆಂದರೆ ತಮ್ಮ ಹೈಸ್ಕೂಲಿಗೆ ಹೊತ್ತದ್ದು.
ಹರಿದ ಜಮಖಾನ ಕತ್ತರಿಸಿ
ರಾತ್ರಿಯೆಲ್ಲ ಕೂತು ಒಳಗೆ ಗೋಡೆ ಹೊಲಿದಿದ್ದೆ.
ದಬ್ಬಣ ಚುಚ್ಚಿದ ಹೆಬ್ಬೆರಳು ಇನ್ನೂ ಚುರುಚುರು.
ಥಂಡಿ ಹೀರಲೆಂದು ಬೂಟಿನ ಅಂಗಡಿಯಿಂದ ಬೇಡಿ ತಂದ
ಸಿಲಿಕಾ ಪೊಟ್ಟಣ ನಾಲ್ಕು. ಹಿಂದೊಂದು ಮುಚ್ಚಳ, ಮುಂದೊಂದು.
ಇನ್ನೇನು ಬೇಕು ಅಂದುಕೊಂಡಿದ್ದೆ.

ತಾಳಿಕೋಟಿ ಬಸ್ಸು. ಕಿಟಕಿಗೆ ಆಕೆ,
ತೊಡೆಯ ಮೇಲೆ ಬಿಳಿ ಬಟ್ಟೆಯ ಗಂಟು.
ಕಂಡಕ್ಟರು ಬಂದ: "ಎರಡೂ ಮ್ಯಾಲ ಇಡ್ರಿ."
"ಇಲ್ಲ" ಅಂದೆವು ಇಬ್ಬರೂ, ಒಂದೇ ಉಸಿರಿಗೆ.
ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು.

"ಏನದವಾ ಒಳಗ, ಕೂಸಿನಂಗ ಹಿಡದೀದಿ?"
"ಗಾಜುರಿ."
"ನಂದೂ ಗಾಜ."

ಖೈರುನ್ನಬಿ ಮಣಿಯಾರ. ನಲವತ್ತು ವರ್ಷದಿಂದ
ಊರೂರಿನ ಮುಂಗೈ ಆಕೆಗೆ ಬಾಯಿಪಾಠ,
ಯಾರ ಸೊಸೆಗೆ ಎರಡು-ನಾಲ್ಕು, ಯಾರ ಮಗಳಿಗೆ ಎರಡು-ಎಂಟು.

ಮನಗೂಳಿ ದಾಟಿ ಮೊದಲ ತಗ್ಗು. ಬಸ್ಸು ಎದ್ದು ಕುಂತಿತು.
ನನ್ನ ಚೀಲದೊಳಗೆ, ಟಕ್.
ಆಕೆಯ ಗಂಟಿನಲ್ಲಿ ಅರವತ್ತು ಡಜನ್, ಪಿಟ್ಟೆನ್ನಲಿಲ್ಲ.

"ಬಿಚ್ಚು" ಅಂದಳು, ಡಾಕ್ಟರು ಅಂದ ಹಾಗೆ.
ಜಿಪ್ ಎಳೆದೆ. ಧೂಳಿಗೆ ಸೆರಗು ಮರೆ ಹಿಡಿದಳು.
ಮೊದಲು ಸಿಕ್ಕದ್ದು ಮನೆಯ ಬೀಗದ ಕೈ, ಎರಡು ನಾಣ್ಯ.
ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತಿ
ನನ್ನ ಮಡಿಲಿಗೆ ಹಾಕಿದಳು. ಮಾತಿಲ್ಲ.
ಆಮೇಲೆ ಎರಡು ಬೆರಳು ಒಳಗೆ ಬಿಟ್ಟು
ಲೆನ್ಸಿನ ಸುತ್ತ ಜಾಗ ಅಳೆದಳು.

"ಗಾಜು ಬಿದ್ದು ಒಡಿಯೂದು ಅಪರೂಪ.
ಬಾಜೂಕಿಂದಕ್ಕ ಬಡದು ಬಡದು ಹೋಗತದ.
ಮೆತ್ತಗಿದ್ದರ ಆಗಲಿಲ್ಲ, ಅಲುಗಬಾರದು.
ಹಂಗಂತ ಹಿಸುಕಬ್ಯಾಡ. ಹಿಸುಕಿದ್ದೂ ಉಳಿಯೂದಿಲ್ಲ."

ತನ್ನ ಗಂಟಿನ ಬಾಯಿ ಸಡಿಲಿಸಿ
ಬನಿಯನ್ನಿನ ಪಟ್ಟಿಯೊಂದು ಎಳೆದಳು.
"ಹೊಸ ಅರಬಿ ಬ್ಯಾಡ, ಗಂಜಿ ಇರತದ, ಗೀರತದ.
ಇದು ನೂರು ಸಲ ಒಗದಿದ್ದು. ನಮ್ಮವರದು.
ಅವರು ಹೋಗಿ ಆರು ವರ್ಷಾತು,
ಬನಿಯನ್ ಇನ್ನೂ ತೀರಿಲ್ಲ."

ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತು
ಧೂಳು ಕೂತ ಮೇಲೆ ನೋಡಲು ಕೊಟ್ಟೆ.
ಅಂಚು ಮಾತ್ರ ಹಿಡಿದಳು, ಬಳೆ ಹಿಡಿದ ಹಾಗೆ.
ಗಾಜಿಗೆ ಬೆರಳು ತಾಗಲಿಲ್ಲ. ಯಾರು ಹೇಳಿಕೊಟ್ಟಿದ್ದರೋ!
ದೂರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು:
"ಅಯ್ಯ, ಕಂಡಕ್ಟರ್ ತಲಿಕೆಳಗ ನಿಂತಾನ!"
ನಕ್ಕಳು. ಹಿಂದಿನ ಸೀಟಿನವರೂ ಇಣುಕಿದರು.

ಹೂವಿನ ಹಿಪ್ಪರಗಿ ಹತ್ತಿರ ದೊಡ್ಡ ತಗ್ಗು.
ನನ್ನ ಚೀಲ ಮೌನ.
ಆಕೆಯ ಗಂಟಿನಲ್ಲಿ ಸಣ್ಣಗೆ, ಛಳ್.

ಇಬ್ಬರಿಗೂ ಗೊತ್ತಾಯಿತು,
ಪಟ್ಟಿ ಎಳೆದಲ್ಲಿ ಖಾಲಿ ಬಿದ್ದ ಜಾಗ ಅದು.
ಕೈ ಬಿಟ್ಟು ಎಣಿಸಿದಳು: "ಆರು ಹೋದವು. ಹಸರು."
ನಾನು ಪಟ್ಟಿ ಬಿಚ್ಚಲು ಹೋದೆ, ಕೈ ಹಿಡಿದಳು.
ರೊಕ್ಕ ಕೊಡಹೋದೆ. ಬೇಡವೆನ್ನುತ್ತಾಳೆ ಅಂದುಕೊಂಡಿದ್ದೆ.
"ಇಪ್ಪತ್ತು" ಅಂದಳು. ಇಸಕೊಂಡು
ಸೊಂಟದ ಚೀಲದಲ್ಲಿಟ್ಟು, ಕಿಟಕಿಯಾಚೆ ನೋಡಿದಳು.

ತೊಟ್ಟಿಲಿನ ಫೋಟೊ ಚಲೋ ಬಂದವು. ಅಜ್ಜಿಯ ಕೈ
ಕೂಸಿನ ಕಿವಿಗೆ ಬಾಗಿದ್ದರಲ್ಲಿ
ಹಸಿರು ಬಳೆ ಒಂದೊಂದೂ ಎಣಿಸುವಷ್ಟು ಚೊಕ್ಕ.
ಎಣಿಸಿಯೂ ಎಣಿಸಿದೆ.

ಚನಮಲ್ಲಪ್ಪ ಮತ್ತೆ ಟಾರ್ಚು ಬಿಟ್ಟ, ತಿರುಗಿಸಿ ನೋಡಿದ.
ಗೀರಿಲ್ಲ. ಅಂಚಿನಲ್ಲಿ ಒಂದು ಚಮಕಿ ಕಣ.
ಊದಿದ. ಹೋಗಲಿಲ್ಲ. "ಇದೇನಿದು?"
"ಆಧಾರ್ ಕಾರ್ಡ್ ಕೊಡ್ರಿ" ಅಂದೆ.

ಪಟ್ಟಿ ನನ್ನಲ್ಲೇ ಇದೆ. ನಿನ್ನೆ ಒಗೆದು ಹಾಕಿದೆ.
ನೂರಾ ಒಂದನೆಯ ಸಲ ಇರಬೇಕು.