ಅಳತೆ ಬಳೆ

ಕಂಪನಿ ಕೊಟ್ಟ ಪ್ಲಾಸ್ಟಿಕ್ ಬಳೆ ನನ್ನ ಕೈಯಲ್ಲಿ.
ಐವತ್ತು ಮಿಲಿಮೀಟರು.
ಅದರೊಳಗೆ ತೂರಿದ್ದು ನಮಗೆ ಬೇಡ.

ಅಳ್ವೆಕೋಡಿಯ ಹೆದ್ದಾರಿ ಬದಿ, ಏಪ್ರಿಲ್ ಬಿಸಿಲು.
ಬುದವಂತಿ ಪಟಗಾರ ಈರುಳ್ಳಿಗೆ ಜಡೆ ಹಾಕುತ್ತಿದ್ದಳು,
ಶಾಲೆಗೆ ಹೊರಟ ಮಗಳಿಗೆ ಹಾಕಿದ ಹಾಗೆ,
ಎಳೆದು, ಬಿಗಿದು.

"ಜಡೆ ಬೇಡ ಅಕ್ಕಾ. ದಂಟು ಕತ್ತರಿಸಿ ಚೀಲ ತುಂಬಿ."

"ದಂಟಿಲ್ದೆ ಇದನ್ನ ಆಷಾಢದಾಗೆ ಎಲ್ಲಿ ತೂಗಹಾಕ್ತೆ ತಮಾ?"

ನನ್ನ ಹಾಳೆಯಲ್ಲಿ ಆಷಾಢದ ಕಾಲಂ ಇರಲಿಲ್ಲ.

ಮೂರು ಚೀಲ ಕೊಟ್ಟಳು; ಪಂಪಿನ ರಿಪೇರಿ ಬಾಕಿಯಿತ್ತಂತೆ.
ಕತ್ತರಿ ನನ್ನದೇ.

ಬಳೆಯಿಂದ ಜಾರಿದ ಸಣ್ಣವನ್ನೆಲ್ಲ
ಮಡಿಲಿಗೆ ಸುರಿದುಕೊಂಡು ನಕ್ಕಳು:
"ಸಿಹಿ ಇರೂದು ಇದ್ರಲ್ಲೇ."
ಒಂದನ್ನು ಗುದ್ದಿ ಒಡೆದು, ಅರ್ಧ ನನಗೆ.

ವ್ಯಾನಿನಲ್ಲಿ ಹೊನ್ನಾವರದವರೆಗೂ
ಬಾಯಲ್ಲಿ ಅದೇ.